ಚೌಕಾಸಿ ಮಾಡದ ಶುಂಠಿ ವ್ಯಾಪಾರಿ

ಮೊನ್ನೆ ಹಾಸನದಲ್ಲಿ ಚಪ್ಪಲಿ ಹೊಲಿಸಲು ನಿಂತಿದ್ದೆ. ಪಕ್ಕದಲ್ಲಿ ಯಾರದೋ ಬೂಟಿಗೆ ಪಾಲಿಷ್ ಬಿತ್ತು ನೋಡಿ, ಆ ವಾಸನೆಗೆ ದೊಡ್ಡಪ್ಪ ನೆನಪಾದರು. ಊದುಬತ್ತಿಯ ವಾಸನೆಗೆ ದೇವರು ನೆನಪಾಗಬೇಕಾದ ವಯಸ್ಸು ನನ್ನದು, ಏನು ಮಾಡುವುದು. ಅರಕಲಗೂಡಿಗೆ, ಗಂಡನ ಮನೆಗೆ ಹೊರಟಿದ್ದವಳು ಅವರಿರುವ ಸಾಲಗಾಮೆಯ ಬಸ್ಸು ಹತ್ತಿಬಿಟ್ಟೆ.

ದೊಡ್ಡಪ್ಪ ಮಿಲಿಟರಿಯ ಗುಪ್ತಚರ ವಿಭಾಗದಲ್ಲಿ ಬ್ರಿಗೇಡಿಯರ್ ಆಗಿ ನಿವೃತ್ತರಾದವರು. ಇದು ನಮಗೆ ತಿಳಿದದ್ದೂ ಅವರು ನಿವೃತ್ತರಾದ ಮೇಲೆಯೇ. ಮೊದಲೆಲ್ಲ ರಜಕ್ಕೆ ಬಂದಾಗ ಯಾರಾದರೂ, "ಮಿಲಿಟ್ರೀಲಿ ಅದೇನ್ ಕೆಲ್ಸ ಸಾ?" ಎಂದರೆ, "ಫೈಲ್ ನೋಡೋದು" ಎನ್ನುತ್ತಿದ್ದರು. ಪಾಪ, ಇಷ್ಟು ಓದಿ ಗುಮಾಸ್ತನಾದನಲ್ಲ ಎಂದು ಊರವರು ಮರುಗುತ್ತಿದ್ದರು. ಎಲ್ಲಿದ್ದೀಯಪ್ಪ ಎಂದು ಅಜ್ಜಿ ಕೇಳಿದರೆ, "ಚಳಿ ಇರೋ ಕಡೆ" ಎಂಬಷ್ಟೇ ಉತ್ತರ. ಅವರಿಗೆ ಬಡ್ತಿಯಾದದ್ದು ದೊಡ್ಡಮ್ಮನಿಗೆ ಪಕ್ಕದ ಕ್ವಾರ್ಟರ್ಸಿನಾಕೆಯಿಂದ ಗೊತ್ತಾಗುತ್ತಿತ್ತು. "ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೂ ಯೋಚ್ನೆ ಮಾಡಿ ಏಳ್ತಾರೆ ಕಣೆ ನಿಮ್ ದೊಡ್ಡಪ್ಪ" ಎಂದು ದೊಡ್ಡಮ್ಮ ನನ್ನ ಹತ್ತಿರ ಗೊಣಗುತ್ತಿದ್ದರು.

ಇಂಥವರನ್ನು ನನ್ನ ತವರಿನವರು ನನ್ನ ಮದುವೆಗೆ ಬಳಸಿಕೊಂಡರು. ನಮ್ಮ ಕಡೆ ಮಾತುಕತೆ ಕುದುರಿದ ಮೇಲೆ ಯಾರಾದರೊಬ್ಬರು ಗಂಡಿನ ಊರಿಗೆ ಹೋಗಿ, ಕುಡಿತವಿದೆಯೇ, ಕೋರ್ಟು ಕಚೇರಿ ಇದೆಯೇ ಎಂದು ಸದ್ದಿಲ್ಲದೆ ವಿಚಾರಿಸಿ ಬರುವುದುಂಟು. ಆದರೆ ಮುಚ್ಚಿಡುವಂಥದ್ದು ಇದ್ದದ್ದು ನಮ್ಮ ಕಡೆಯೇ. ಚನ್ನರಾಯಪಟ್ಟಣದ ಹುಡುಗನೊಬ್ಬನ ಜೊತೆ ನನಗೆ ನಿಶ್ಚಿತಾರ್ಥವಾಗಿ, ಲಗ್ನಪತ್ರಿಕೆ ಹಂಚಿದ ಮೇಲೆ ಅವರು ಬೇಡವೆಂದಿದ್ದರು. ಕಾರಣ ಹೇಳಲಿಲ್ಲ. ಜನ ತಾವೇ ಒಂದೊಂದು ಕಾರಣ ಕಟ್ಟಿಕೊಂಡರು. ಆಮೇಲೆ ಬಂದ ಎರಡು ಸಂಬಂಧಗಳೂ ಈ ಸುದ್ದಿ ಮುಟ್ಟಿದೊಡನೆ ಹಿಂದೆ ಸರಿದವು. ಅರಕಲಗೂಡಿನವರ ಮುಂದೆ ಇದರ ಉಸಿರೆತ್ತಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ವಿಚಾರಿಸಲೂ ಬೇಕು, ಬಾಯಿ ಬಿಡಲೂ ಬಾರದು. ದೊಡ್ಡಪ್ಪನಿಗಿಂತ ಯೋಗ್ಯರು ಇನ್ನಾರು?

ಶುಂಠಿ ವ್ಯಾಪಾರಿಯ ವೇಷದಲ್ಲಿ, ಪಂಚೆಯುಟ್ಟು, ಹೆಗಲಿಗೆ ಟವೆಲು ಹಾಕಿ ಹೊರಟರು. ಪಂಚೆಗೂ ಇಸ್ತ್ರಿ, ಟವೆಲಿಗೂ ಇಸ್ತ್ರಿ. ಸಂಜೆ ಒಂದು ಮೂಟೆ ಶುಂಠಿ ಇಳಿಸಿ, "ಒಳ್ಳೆ ಜನ. ಮುಂದುವರೀಬಹುದು" ಎಂದು ವರದಿ ಕೊಟ್ಟರು. ಮದುವೆಯಾಯಿತು. ಆ ವರ್ಷವೆಲ್ಲ ತವರಿನಲ್ಲಿ ಶುಂಠಿ ಕಾಫಿ.

ನನ್ನ ಅವಸ್ಥೆ ಕೇಳಿ. ಇಪ್ಪತ್ತೆರಡು ವರ್ಷ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಬಾಳಿದೆ. ಮದುವೆಮನೆಗಳಲ್ಲಿ ಚನ್ನರಾಯಪಟ್ಟಣದ ನೆಂಟರು ಕಂಡರೆ ಅಡುಗೆಯವರ ಜೊತೆ ಈರುಳ್ಳಿ ಹೆಚ್ಚಲು ಕೂತುಬಿಡುತ್ತಿದ್ದೆ. ಸೊಸೆಯೆಂದರೆ ಹೀಗಿರಬೇಕು ಎಂದು ಜನ ಹೊಗಳುತ್ತಿದ್ದರು.

ಮೊನ್ನೆ ಸಾಲಗಾಮೆಯಲ್ಲಿ ದೊಡ್ಡಪ್ಪ ಜಗುಲಿಯ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ, ಬೆನ್ನು ಮಾತ್ರ ಇನ್ನೂ ನೆಟ್ಟಗಿದೆ. ಮನಸ್ಸು ತುಂಬಿಬಂದು, "ನೀವು ಅವತ್ತು ಬಾಯಿ ಬಿಡದೆ ಇದ್ದುದಕ್ಕೆ ನನ್ನ ಬಾಳು ಉಳೀತು ದೊಡ್ಡಪ್ಪ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೆಲ್ಲಮ್ಮ ಸುಮ್ನಿದ್ದೆ? ಅವತ್ತೇ ಹೇಳ್ಬುಟ್ಟೆ."

ನಡೆದದ್ದು ಇಷ್ಟು. ಇವರು ಮೊದಲು ಅರಕಲಗೂಡಿನ ಟೀ ಅಂಗಡಿಯಲ್ಲಿ ಇಬ್ಬರ ಹಿಂದೆ ಸಾಲಾಗಿ ನಿಂತರಂತೆ. ಅಲ್ಲಿ ಅದುವರೆಗೆ ಯಾರೂ ಟೀಗೆ ಸಾಲು ನಿಂತದ್ದಿಲ್ಲ. ಆಮೇಲೆ ನೇರ ಗಂಡಿನ ಮನೆಗೇ ಹೋಗಿ ಶುಂಠಿಯ ಬೆಲೆ ಕೇಳಿದರು. ನನ್ನ ಅತ್ತೆ ಬಾಯಿಗೆ ಬಂದದ್ದು ಹೇಳಿದರು. ಇವರು "ಸರಿ" ಎಂದರು. ಚೌಕಾಸಿ ಮಾಡದ ವ್ಯಾಪಾರಿಯನ್ನು ಅತ್ತೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ಎಣ್ಣಿನ ಕಡೇರಲ್ವಾ? ಒಳೀಕ್ ಬನ್ನಿ, ಉಪ್ಪಿಟ್ ಮಾಡಿವ್ನಿ" ಎಂದು ಕೂರಿಸಿ, "ಮಗೀಗೆ ಮೊದ್ಲು ಎಲ್ಲಾದ್ರೂ ಮದ್ವೆ ಗೊತ್ತಾಗಿತ್ತಾ?" ಎಂದು ಕೇಳಿದರಂತೆ.

"ಶತ್ರುಗಳ ಮುಂದೆ ಸುಳ್ಳು ಹೇಳಿ ಅಭ್ಯಾಸ ಕಣಮ್ಮ. ಆವಮ್ಮ ಉಪ್ಪಿಟ್ಟು ಬಡಿಸ್ತಿದ್ರು."

"ನನಗೊಂದು ಮಾತು ಹೇಳಬಾರದಿತ್ತೇ?"

"ಯಾರಿಗೆ ಎಷ್ಟು ಬೇಕೋ ಅಷ್ಟೇ ಹೇಳೋದು ನಮ್ ಕಡೆ ರೂಲು."

ಇಂಥ ರೂಲಿನವರು ದೇಶ ಹೇಗೆ ಕಾದರೋ, ದೇವರೇ ಬಲ್ಲ. ಮನೆಗೆ ಬಂದಾಗ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು, ಕಾಯಿಗೆ ಕೈ ಹಾಕಿ, "ಚನ್ನರಾಯಪಟ್ಟಣದ್ದು ನಿಮಗೆ ಗೊತ್ತಿತ್ತಾ ಅತ್ತೆ?" ಎಂದೆ.

"ಊಂ ಕಣವ್ವ. ನಿನ್ ಗಂಡಂಗೂ ಅವತ್ತೇ ಏಳಿದ್ದೆ. ನೀನಾಗೇ ಒಂದಿನ ಏಳ್ತೀಯ ಅಂತ ಸುಮ್ಕಿದ್ವಿ. ಆಮ್ಯಾಕೆ ಮರ್ತೇ ಓಯ್ತು."

ನಾನು ದಿನಾ ಹೆದರಿದ್ದನ್ನು ಇವರು ಮರೆತೇಬಿಟ್ಟಿದ್ದರು. ಸಿಟ್ಟು ಬಂತು. ಅದರ ಹಿಂದೆಯೇ ಅಳು ಬಂತು. ಹೆಚ್ಚಿದ ಈರುಳ್ಳಿಯೆಲ್ಲ ನೆನಪಾಗಿ ನಗುವೂ ಬಂತು. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು. ಇನ್ನು ಯಜಮಾನರು! ಸಕ್ಕರೆ ಕಾಯಿಲೆಯಲ್ಲಿ ಕದ್ದು ತಿಂದ ಜಿಲೇಬಿಯನ್ನು ಅರ್ಧ ಗಂಟೆ ಮುಚ್ಚಿಡಲಾರದ ಮನುಷ್ಯ, ನನ್ನ ಮಾನ ಉಳಿಸಲು ಇದನ್ನು ಮುಚ್ಚಿಟ್ಟಿದ್ದರು. ಅವರ ಮೇಲೆ ಅಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ.

ಅಷ್ಟರಲ್ಲಿ ಅವರೇ ಬಂದರು. "ಸಾಲಗಾಮೆಗೆ ಹೋಗಿದ್ದೆಯಂತೆ. ದೊಡ್ಡಪ್ಪ ಏನಂದ್ರು?" ಎಂದು ಕೇಳಿದರು.

"ಅವರೇನು ಹೇಳೋ ಪೈಕಿಯಾ?" ಎಂದೆ.

ಅತ್ತೆ ತಲೆ ಬಗ್ಗಿಸಿಕೊಂಡು ಜೋರಾಗಿ ಕಾಯಿ ಸುಲಿಯತೊಡಗಿದರು. ಯಜಮಾನರು ನೆಮ್ಮದಿಯಿಂದ ಕಾಲು ತೊಳೆಯಲು ಹೋದರು. ನನಗೆ ಗೊತ್ತಾಗಿದೆ ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ. ಅರಕಲಗೂಡಿನ ಕಡೆ ಬಂದರೆ ದಯವಿಟ್ಟು ನೀವೂ ಹೇಳಬೇಡಿ.