ಎರಡು ಗೋಲು ನುಂಗಿದವನು

ಮಾಳಮಡ್ಡಿಯ ಪಾನ್ ಅಂಗಡಿಯ ಕಟ್ಟೆಯ ಮೇಲೆ ಈಗಲೂ ನಾಲ್ಕು ಮಂದಿ ಕೂತಿದ್ದರೆ, ಅವರಲ್ಲಿ ಒಬ್ಬನಾದರೂ ನನ್ನನ್ನು ಕಂಡು, "ನೋಡ್ರಲೇ, ಎರಡು ಗೋಲು ನುಂಗಿದಾವ ಬಂದ" ಅನ್ನುತ್ತಾನೆ. ಅನ್ನಲಿ. ಮೊದಲಿನ ನಾನಾಗಿದ್ದರೆ ಅಂದವನ ಹಲ್ಲು ಕಿತ್ತು ಅವನ ಕೈಗೇ ಕೊಟ್ಟು ಮನೆಗೆ ಕಳಿಸುತ್ತಿದ್ದೆ. ಈಗ ನನ್ನ ಎಡಗಿವಿ ಕೇಳುವುದಿಲ್ಲ, ಅರ್ಧ ಮಾತು ಒಳಗೆ ಬರುವುದೇ ಇಲ್ಲ. ಬಂದ ಅರ್ಧಕ್ಕೂ ನಾನು ಉತ್ತರ ಕೊಡುವುದಿಲ್ಲ. ಆ ಗೋಲುಗಳನ್ನು ನಾನು ಯಾಕೆ ನುಂಗಿದೆ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ತೀರಿಕೊಂಡರು. ಇನ್ನೊಬ್ಬ ನಾನು.

ನನ್ನದು ಕೇಬಲ್ ಟೀವಿ ಧಂದೆ. ತೊಂಬತ್ತರ ದಶಕದ ಮೊದಲಿಗೆ ಮಾಳಿಗೆಯ ಮೇಲೊಂದು ದೊಡ್ಡ ಡಿಶ್ ನಿಲ್ಲಿಸಿ, ಗಿಡದಿಂದ ಗಿಡಕ್ಕೆ, ಮನೆಯಿಂದ ಮನೆಗೆ ಕೇಬಲ್ ಎಳೆದು ಶುರು ಮಾಡಿದೆ. ಕಪ್ಪು ಕೇಬಲ್ ಜೋತುಬೀಳಬಾರದೆಂದು ಅದರ ಜೊತೆಗೆ ಒಂದು ಕಬ್ಬಿಣದ ತಂತಿಯನ್ನು ಬಿಗಿಯುತ್ತೇವೆ. ಆ ತಂತಿ ಯಾರ ಮಾಳಿಗೆಯ ಮೇಲೆ ಹಾಯುತ್ತದೋ ಆ ಮನೆಗೆ ಕೇಬಲ್ ಪುಕ್ಕಟೆ, ಇದು ಧಂದೆಯ ರೂಢಿ. ಹೆಂಗಸರ ರೂಢಿ ಬೇರೆ. ಬಿಗಿಯಾದ ತಂತಿ ಕಂಡರೆ ಸಾಕು, ಅದರ ಮೇಲೆ ಅರಿವೆ ಒಣಹಾಕುವರು. ಬೇಡ ಅಂದರೆ, "ನಿನ್ನ ತಂತಿ ಏನು ಸವದು ಹೋಗತೈತೇನೋ?" ಎಂದು ನಮ್ಮನ್ನೇ ಜಬರಿಸುವರು. ನಾನು ಹೇಳುವುದನ್ನು ಬಿಟ್ಟುಬಿಟ್ಟಿದ್ದೆ.

ಹಾಗೆ ಜಬರಿಸಿದವರಲ್ಲಿ ಮೊದಲಿಗರು ನನ್ನ ಆಫೀಸಿನ ಎದುರು ಮನೆಯ ಅಕ್ಕೋರು. ಏಳನೇತ್ತದಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತರಾಗಿ ಒಬ್ಬರೇ ಇದ್ದರು, ಮದುವೆಯ ಗೋಜಿಗೆ ಹೋದವರಲ್ಲ. ಸುಳ್ಳು ಹೇಳಿದ ಹುಡುಗನ ಕಿವಿ ಹಿಂಡಿದರೆ ಎರಡು ದಿನ ಕೆಂಪಗಿರುತ್ತಿತ್ತು. ಪುಕ್ಕಟೆ ಕೇಬಲ್ ಬಂದ ಮೇಲೆ ಅವರಿಗೆ ಫುಟ್‌ಬಾಲ್ ಹುಚ್ಚು ಹತ್ತಿತು. ಅದರಲ್ಲೂ ಜರ್ಮನಿ. ಓಣಿಗೆ ಓಣಿಯೇ ಬ್ರೆಜಿಲ್ ಅಂದರೆ ಇವರೊಬ್ಬರೇ ಜರ್ಮನಿ.

"ಯಾಕ್ರಿ ಅಕ್ಕೋರ?" ಎಂದು ಕೇಳಿದ್ದೆ.

"ಜರ್ಮನಿ ಪಾದ್ರಿಗಳು ಕಟ್ಟಿಸಿದ ಸಾಲ್ಯಾಗ ಅಕ್ಷರ ಕಲತಾಕಿ ನಾನು. ನಿನಗ ಬ್ರೆಜಿಲ್ ಏನು ಕಲಿಸೇತಿ? ಹಳದಿ ಅಂಗಿ ಹಾಕ್ಕೊಂಡು ಒದರೂದು."

ಖರೆ ಮಾತು. ನಮ್ಮ ದೇಶ ಆಡದ ವಿಶ್ವಕಪ್‌ನಲ್ಲಿ ನಾವು ಇನ್ನೊಬ್ಬರ ದೇಶವನ್ನು ಕಡ ತಂದು, ಅದಕ್ಕಾಗಿ ತಲೆ ಒಡೆದುಕೊಳ್ಳುತ್ತಿದ್ದೆವು. ನಮ್ಮ ಹುಡುಗರಲ್ಲಿ ಅರ್ಧದಷ್ಟು ಮಂದಿ ಬೂಟು ಹಾಕಿ ಚೆಂಡು ಒದ್ದವರೇ ಅಲ್ಲ. ಆದರೂ ಬ್ರೆಜಿಲ್ ಸೋತರೆ ಊಟ ಬಿಡುವರು.

ಅಲ್ಲಿಯವರೆಗೆ ಆ ಆಟ ಸರಕಾರದ ಚಾನೆಲ್‌ನಲ್ಲಿ ಬರುತ್ತಿತ್ತು, ಆಂಟೆನಾ ತಿರುವಿದರೆ ಮುಗಿಯಿತು. ಜಪಾನ್, ಕೊರಿಯಾದಲ್ಲಿ ವಿಶ್ವಕಪ್ ನಡೆದ ವರ್ಷ ಅದನ್ನು ತೋರಿಸುವ ಹಕ್ಕನ್ನು ಹೊಸ ಖಾಸಗಿ ಚಾನೆಲ್ಲೊಂದು ಕೊಂಡುಕೊಂಡಿತು. ಅದು ಕಾಣಬೇಕಾದರೆ ಅವರೇ ಕೊಡುವ ಒಂದು ಡಬ್ಬಿ ಬೇಕು. ನಿಮ್ಮ ಭಾಗಕ್ಕೆ ಒಬ್ಬರಿಗೇ ಡಬ್ಬಿ ಅಂದರು. ನಾನು ಹುಬ್ಬಳ್ಳಿಯ ಏಜೆಂಟನ ಬಾಗಿಲಲ್ಲಿ ಮೂರು ದಿನ ಕೂತು ಅದನ್ನು ತಂದೆ. ಗಟಾರದ ಆಚೆಯವನಿಗೆ ಸಿಗಲಿಲ್ಲ.

ಗಟಾರದ ಆಚೆಯವನೆಂದರೆ ಇನ್ನೊಬ್ಬ ಕೇಬಲ್‌ನವನು. ಗಟಾರದ ಈಚೆ ನನ್ನ ಮನೆಗಳು, ಆಚೆ ಅವನವು. ಒಂದನೇತ್ತದಿಂದ ಏಳನೇತ್ತದವರೆಗೆ ನಾವಿಬ್ಬರೂ ಸಾಲೆಯ ಒಂದೇ ಬಾಕಿನಲ್ಲಿ ಕೂತವರು, ಒಂದೇ ಡಬ್ಬಿಯ ರೊಟ್ಟಿ ತಿಂದವರು. ಆದರೆ ಧಂದೆಗೆ ದೋಸ್ತಿ ಗೊತ್ತಿಲ್ಲ. ವಿಶ್ವಕಪ್ ಶುರುವಾದ ವಾರದಲ್ಲಿ ಅವನ ಗಿರಾಕಿಗಳು ಒಬ್ಬೊಬ್ಬರಾಗಿ ಗಟಾರ ದಾಟಿ ನನ್ನ ಬಳಿ ಬರತೊಡಗಿದರು. ಎಂಟನೇ ದಿನ ನನ್ನ ಕೇಬಲ್ ಮೂರು ಕಡೆ ಕತ್ತರಿಸಿ ಬಿದ್ದಿತ್ತು.

ನಾನು ಸುಮ್ಮನಿರುವ ಪೈಕಿಯೇ? ಕಬ್ಬಿಣದ ಸಳಿ ಹಿಡಿದು ಹಗಲು ಹನ್ನೊಂದಕ್ಕೆ ಗಟಾರ ದಾಟಿ, ಸಿಗ್ನಲ್ ಹೆಚ್ಚಿಸುವ ಅವನ ಬೂಸ್ಟರ್ ಪೆಟ್ಟಿಗೆಯನ್ನು ಅವನ ತಾಯಿಯ ಕಣ್ಣೆದುರೇ ಪುಡಿಪುಡಿ ಮಾಡಿ ಬಂದೆ. ಮರುದಿನ ಅವನ ಕಡೆಯವರು ನನ್ನ ಲೈನ್‌ಮನ್‌ನನ್ನು ಸೈಕಲ್ ಸಮೇತ ಗಟಾರಕ್ಕೆ ಕೆಡವಿದರು. ಪಾಪ, ಅವನ ತಲೆ ಒಡೆದು ಅಂಗಿಯೆಲ್ಲ ರಕ್ತ. ಅದರ ಮರುದಿನ ಗಟಾರದ ದಂಡೆಯ ಬೇವಿನ ಗಿಡದ ಮೇಲೆ, ನನ್ನ ಕೇಬಲ್ಲಿಗೆ ಕತ್ತರಿ ಹಚ್ಚುತ್ತಿದ್ದ ಗಟಾರದ ಆಚೆಯವನೇ ನನ್ನ ಕೈಗೆ ಸಿಕ್ಕ. ನಾನು ಕೆಳಗಿನಿಂದ ಏಣಿ ಎಳೆದೆ. ಧೊಪ್ಪನೆ ಬಿದ್ದ. ಎದೆಯ ಮೇಲೆ ಕೂತು ಹೊಡೆಯತೊಡಗಿದೆ. ಅವನು ನನ್ನ ಮುಂಗೈ ಕಚ್ಚಿದ, ಮಾಂಸ ಬರುವ ಹಾಗೆ ಕಚ್ಚಿದ. ಮಂದಿ ಬಂದು ಬಿಡಿಸುವ ಹೊತ್ತಿಗೆ ಇಬ್ಬರ ಬಾಯಲ್ಲೂ ಮಣ್ಣು ಮತ್ತು ರಕ್ತ ಇತ್ತು.

ಅಕ್ಕೋರು ಮಾಳಿಗೆಯ ಮೇಲೆ ನಿಂತು ನೋಡಿದರು. "ಏ, ಇಬ್ಬರೂ ಬಾಕಿನ ಮ್ಯಾಲೆ ನಿಂದ್ರಿ!" ಎಂದು ಕೂಗಿದರು. ಮಂದಿ ನಕ್ಕರು. ಅವರು ನಗಲಿಲ್ಲ.

ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಆಡುವಾಗ ಕೇಬಲ್ ಮತ್ತೆ ಹೋಯಿತು. ಅರ್ಧ ಗಂಟೆ ಓಣಿಗೆ ಓಣಿಯೇ ಕುರುಡಾಯಿತು. ಹುಡುಗರು ಕಟ್ ಮಾಡಿದವನನ್ನು ಹುಡುಕಲಿಲ್ಲ, ನನ್ನ ಮನೆಗೆ ಕಲ್ಲು ತೂರಿದರು. ಒಂದು ಕಲ್ಲು ನನ್ನ ತಂಗಿಯ ಹಣೆಗೆ ಬಿತ್ತು. ಅವಳ ರಕ್ತ ಒರೆಸುತ್ತ ಕೂತಾಗ ನನಗೆ ಏನೇನು ಅನ್ನಿಸಿತೋ ದೇವರೇ ಬಲ್ಲ. ಅಷ್ಟರಲ್ಲಿ ಗಟಾರದ ಆಚೆಯವನ ಮಾತು ಯಾರದೋ ಬಾಯಿಂದ ಬಂತು: "ಫೈನಲ್ ಹೆಂಗ ತೋರಸ್ತಾನ, ನಾನೂ ನೋಡತೇನಿ."

ಬಾರಪಾ, ನೋಡು ಅಂದುಕೊಂಡೆ. ಕೇಬಲ್ಲಿನ ಜೊತೆಗಿದ್ದ ಕಬ್ಬಿಣದ ತಂತಿಗೆ ಮನೆಯ ಕರೆಂಟು ಕೊಡಲು ಏರ್ಪಾಟು ಮಾಡಿದೆ. ಸುತ್ತಿನ ಹೊಲಗಳಲ್ಲಿ ಹಂದಿಗಾಗಿ ಬೇಲಿಗೆ ಬಿಡುತ್ತಾರಲ್ಲ, ಹಾಗೆ. ತಂತಿ ನನ್ನ ಆಫೀಸಿನಿಂದ ಅಕ್ಕೋರ ಮಾಳಿಗೆ ದಾಟಿ ಬೇವಿನ ಗಿಡಕ್ಕೆ ಹೋಗುತ್ತಿತ್ತು. ಗಿಡ ಹತ್ತಿ ಅದನ್ನು ಹಿಡಿದವನು ಮತ್ತೆ ಜೀವಮಾನದಲ್ಲಿ ಕತ್ತರಿ ಹಿಡಿಯಬಾರದು, ಅಷ್ಟೇ ನನ್ನ ಲೆಕ್ಕ. ಡಬ್ಬಿ, ಬೂಸ್ಟರ್, ಈ ಕರೆಂಟು, ಎಲ್ಲಕ್ಕೂ ಆಫೀಸಿನ ಒಂದೇ ದೊಡ್ಡ ಸ್ವಿಚ್. ನನ್ನ ಲೈನ್‌ಮನ್‌ಗೂ ಇದನ್ನು ಹೇಳಲಿಲ್ಲ.

ಫೈನಲ್ ಭಾನುವಾರ ಸಂಜೆ ನಾಲ್ಕೂವರೆಗೆ. ಬ್ರೆಜಿಲ್ ಮತ್ತು ಜರ್ಮನಿ. ಬೆಳಿಗ್ಗೆ ಜಿಟಿಜಿಟಿ ಮಳೆ ಇತ್ತು. ಅಕ್ಕೋರ ಮಾಳಿಗೆ ನೋಡಿದೆ, ತಂತಿ ಖಾಲಿ. ಈ ಮಳೆಯಲ್ಲಿ ಯಾರು ಅರಿವೆ ಹಾಕುತ್ತಾರೆ ಎಂದು ಇಳಿದು ಬಂದೆ. ಮಧ್ಯಾಹ್ನ ಬಿಸಿಲು ಬಿದ್ದದ್ದು ಕಂಡೆ, ಆದರೆ ಮತ್ತೆ ಹತ್ತಿ ನೋಡಲಿಲ್ಲ. ನನ್ನ ಜೀವನದ ದೊಡ್ಡ ತಪ್ಪು ಇದೇ, ಒಮ್ಮೆ ಮೇಲೆ ಹತ್ತಿ ನೋಡದ್ದು.

ಆಫೀಸಿನ ಅಂಗಳದಲ್ಲಿ ತಾಡಪತ್ರಿ ಕಟ್ಟಿ ದೊಡ್ಡ ಟೀವಿ ಇಟ್ಟಿದ್ದೆ. ಹಳದಿ ಅಂಗಿಯವರು, ಅರಿಷಿಣ ಬಳಿದುಕೊಂಡವರು, ಹಲಗೆ ಬಾರಿಸುವವರು, ಎಲ್ಲ ಕೂಡಿ ಕಾಲಿಡಲು ಜಾಗವಿಲ್ಲ. ಸ್ವಿಚ್ಚಿನ ಮುಂದೆ ಇಬ್ಬರು ಅಣ್ಣತಮ್ಮಂದಿರನ್ನು ನಿಲ್ಲಿಸಿದೆ. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ದುಡಿಯುವವರು, ಮುಂಜಾನೆ ಗರಡಿಯಲ್ಲಿ ಸಾಮು ಮಾಡುವವರು, ನಾನು ಹಾಕಿದ ಗೆರೆ ದಾಟದವರು.

"ಈ ಸ್ವಿಚ್ ಯಾರೂ ಮುಟ್ಟಬಾರದು," ಅಂದೆ. "ಅವ ರೊಕ್ಕ ಕೊಟ್ಟು ಯಾರನ್ನರ ಕಳಸ್ತಾನ. ನಮ್ಮಪ್ಪ ಬಂದ್ರೂ ಬಿಡಬ್ಯಾಡ್ರಿ. ನಾನ ಬಂದ್ರೂ ಬಿಡಬ್ಯಾಡ್ರಿ. ಕೈ ಮುರೀರಿ."

"ಹೂಂರಿ ಅಣ್ಣಾ," ಅಂದರು.

ಆಟ ಶುರುವಾಗುವಾಗ ನಾನೇ ಸ್ವಿಚ್ ಹಾಕಿದೆ. ಮೊದಲ ಅರ್ಧದಲ್ಲಿ ಗೋಲೇ ಇಲ್ಲ. ಎದುರು ಮನೆಯ ಕಿಟಕಿಯಿಂದ ಅಕ್ಕೋರ ಕೂಗು ಕೇಳುತ್ತಿತ್ತು: "ಭಲೇ ಜರ್ಮನಿ!" ನಮ್ಮ ಹುಡುಗನೊಬ್ಬ ಆ ಕಿಟಕಿಗೆ ಚಪ್ಪಲಿ ಎಸೆದ. ಅವರು ಅದನ್ನೇ ಎತ್ತಿ ತಿರುಗಿ ಎಸೆದರು. ನಾನು ಬಾಗಿಲ ಬದಿಗೆ, ಗಟಾರದ ಕಡೆ ಕೂತಿದ್ದೆ. ಅರ್ಧದ ಸೀಟಿ ಊದಿದಾಗ ಹನಿ ಶುರುವಾಯಿತು. ಮಳೆ ನೋಡಲು ತಲೆ ಎತ್ತಿದೆ. ಅಕ್ಕೋರ ಮಾಳಿಗೆಯ ತಂತಿಯ ಮೇಲೆ ಒಂದು ಹಸಿರು ಸೀರೆ, ಎರಡು ಟವೆಲ್ ತೂಗಾಡುತ್ತಿದ್ದವು.

ಅಯ್ಯೋ ಶಿವನೇ! ಬಿಸಿಲು ಬಿದ್ದಾಗ ಒಗೆದು ಹಾಕಿದ್ದಾರೆ. ಆಗ ತಂತಿಗೆ ಕರೆಂಟ್ ಬಿಟ್ಟಿರಲಿಲ್ಲ. ಆಟ ನಡೆದಾಗ ಅಕ್ಕೋರು ಕುರ್ಚಿ ಬಿಟ್ಟು ಏಳುವವರಲ್ಲ. ಅರ್ಧವಾದ ಮೇಲೆ ಮೊದಲು ಚಹಾಕ್ಕೆ ಇಡುತ್ತಾರೆ, ಆಮೇಲೆ ಅರಿವೆ ತೆಗೆಯಲು ಮೇಲೆ ಹೋಗುತ್ತಾರೆ. ನನಗಿದ್ದದ್ದು ಚಹಾಕ್ಕೆ ಇಡುವಷ್ಟು ಹೊತ್ತು.

ಮಂದಿಯನ್ನು ತುಳಿದುಕೊಂಡು ಸ್ವಿಚ್ಚಿಗೆ ಓಡಿದೆ. ದೊಡ್ಡವನು ಎದೆಗೆ ಕೈ ಕೊಟ್ಟು ನಿಲ್ಲಿಸಿದ.

"ಬಿಡಲೇ, ಆಫ್ ಮಾಡಬೇಕು."

"ಯಾಕ್ರಿ ಅಣ್ಣಾ? ನೀವ ಹೇಳೀರಿ, ನಾ ಬಂದ್ರೂ ಬಿಡಬ್ಯಾಡ್ರಿ ಅಂತ."

ಯಾಕೆ ಎಂದು ಹೇಳಬೇಕಿತ್ತು. ಅಷ್ಟು ಮಂದಿಯ ನಡುವೆ ತಂತಿಗೆ ಕರೆಂಟ್ ಬಿಟ್ಟಿದ್ದೇನೆಂದು ಹೇಳಿದರೆ ಸೀದಾ ಜೇಲು. ಬಾಯಿ ತೆರೆದೆ, ಮುಚ್ಚಿದೆ. ಅಕ್ಕೋರ ಕೈ ಹೋದದ್ದು ಆ ತಡದಲ್ಲೇ. ಆಮೇಲೆ ಕೂಗಿದೆ, "ತಂತ್ಯಾಗ ಕರೆಂಟ್ ಐತಲೇ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನಾನು ಸ್ವಿಚ್ಚಿನ ಮೇಲೆ ಬೀಳುವುದಷ್ಟೇ ಕಂಡಿತು.

"ಇವನೂ ಮಾರಿಕೊಂಡಾನಲೇ! ಗಟಾರದ ಆಚಿಯವನ ರೊಕ್ಕ ತಿಂದಾನ!" ಎಂದು ಹಿಂದಿನಿಂದ ಒಬ್ಬ ಚೀರಿದ.

ಮುಗಿಯಿತು. ತಮ್ಮನಾದವನು ಹೊಟ್ಟೆಗೆ ಒದ್ದ. ಬಿದ್ದೆ. ಹಳದಿ ಅಂಗಿಗಳು ನನ್ನ ಮೇಲೆ ಮುಗಿಬಿದ್ದವು. ನನ್ನ ಚಹಾ ಕುಡಿದವರು, ನನ್ನ ತಾಡಪತ್ರಿಯ ಕೆಳಗೆ ಕೂತವರು ಬೂಟುಗಾಲಿನಿಂದ, ಸ್ಟಂಪಿನಿಂದ ಹೊಡೆದರು. ಒಂದು ಪೈಪು ಎಡಗಿವಿಯ ಮೇಲೆ ಬಿತ್ತು, ತಲೆಯೊಳಗೆ ಕುಕ್ಕರಿನ ಸೀಟಿ ಊದಿದಂತಾಯಿತು. ಆಗ ಎದುರು ಮಾಳಿಗೆಯಿಂದ ಒಂದು ಕೂಗು ಬಂತು, ಬಂದಷ್ಟೇ ಬೇಗ ನಿಂತಿತು. ಎಲ್ಲಿಂದ ಬಲ ಬಂತೋ! ನನ್ನನ್ನು ಹಿಡಿದ ಕೈಯನ್ನು ಕಚ್ಚಿದೆ, ಗಟಾರದ ಆಚೆಯವನು ನನ್ನ ಕೈ ಕಚ್ಚಿದ್ದನಲ್ಲ, ಹಾಗೆಯೇ. ಎದ್ದು ಸ್ವಿಚ್ಚಿಗೆ ಜೋತುಬಿದ್ದೆ. ಟೀವಿ ಕಪ್ಪಾಯಿತು. ಇಡೀ ಓಣಿ ಒಮ್ಮೆ "ಹೋ" ಅಂತು. ಆಮೇಲಿನ ಹೊಡೆತ ನನಗೆ ನೆನಪಿಲ್ಲ.

ಎಚ್ಚರವಾದಾಗ ದವಾಖಾನೆಯಲ್ಲಿದ್ದೆ. ಬ್ರೆಜಿಲ್ ಎರಡು ಗೋಲು ಹೊಡೆದು ಗೆದ್ದಿತ್ತು, ಎರಡೂ ದ್ವಿತೀಯಾರ್ಧದಲ್ಲಿ. ಹುಡುಗರು ಡಬ್ಬಿಯನ್ನು ಕಲ್ಲಿನಿಂದ ಜಜ್ಜಿ ಹಾಕಿದ್ದರು, ಮತ್ತೆ ಟೀವಿ ಹತ್ತಲಿಲ್ಲ, ನಮ್ಮ ಓಣಿಯಲ್ಲಿ ಒಬ್ಬರೂ ಆ ಗೋಲು ಕಾಣಲಿಲ್ಲ. ಗಟಾರದ ಆಚೆಯವನು ಆ ದಿನ ಊರಲ್ಲೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಭಾವನ ಮನೆಯಲ್ಲಿ ಕೂತು ಅದೇ ಆಟ ನೋಡುತ್ತಿದ್ದನಂತೆ. ಅವನೂ ಬ್ರೆಜಿಲ್. ನಾನು ಮುಂದಿನ ತಿಂಗಳೇ ಧಂದೆ ಬಿಟ್ಟೆ, ನನ್ನ ಮನೆಗಳೆಲ್ಲ ಅವನ ಪಾಲಾದವು. ರೊಕ್ಕ ತಿಂದು ಕೊಟ್ಟ ಅಂತ ಮಂದಿ ಇನ್ನೂ ಗಟ್ಟಿಯಾಗಿ ನಂಬಿದರು.

ಮೂರನೇ ದಿನ ಅಕ್ಕೋರು ನನ್ನ ಮಂಚದ ಬಳಿ ಬಂದರು. ಅದೇ ದವಾಖಾನೆಯ ಹೆಂಗಸರ ವಾರ್ಡಿನಲ್ಲಿದ್ದರು. ಬಲಗೈಗೆ ಮೊಣಕೈವರೆಗೆ ಬಿಳಿ ಪಟ್ಟಿ. ಆ ಕೈಯ ಎರಡು ಬೆರಳು ಆಮೇಲೆ ನೆಟ್ಟಗಾಗಲೇ ಇಲ್ಲ, ಸಾಯುವವರೆಗೂ ಎಡಗೈಯಲ್ಲಿ ಬರೆದರು. ಸ್ಟೂಲು ಎಳೆದುಕೊಂಡು ನನ್ನ ಬಲಗಿವಿಯ ಕಡೆ ಕೂತರು.

"ನೀರು ಕಾಸೋ ಕಾಯಿಲ್ ಹಿಡದೆ ಅಂತ ಡಾಕ್ಟರಗ ಹೇಳೇನಿ," ಅಂದರು. "ಇಷ್ಟು ವಯಸ್ಸಿಗೆ ಸುಳ್ಳು ಹೇಳೂದು ಕಲತೆ ನೋಡು, ನಿನ್ನ ದೆಸಿಯಿಂದ."

ನಾನು ಅಳತೊಡಗಿದೆ. ಗಂಡಸು, ಮೀಸೆ ಬಂದವನು, ಹುಡುಗರ ಹಾಗೆ ಅತ್ತೆ.

"ತಪ್ಪಾತ್ರಿ ಅಕ್ಕೋರ. ನಿಮಗಂತ ಮಾಡಿದ್ದಲ್ಲರಿ."

"ಗೊತ್ತೈತಿ. ಅವಗಂತ ಮಾಡಿದಿ. ಇಬ್ಬರಿಗೂ ಕರೆಂಟಿನ ಪಾಠ ಮಾಡಿದಾಕಿ ನಾನ. ನಿನಗ ಪೂರಾ ಮಾರ್ಕ್ಸ್ ಕೊಟ್ಟಿದ್ದೆ."

ಆಮೇಲೆ ಪಟ್ಟಿ ಕಟ್ಟಿದ ಕೈಯನ್ನು ನನ್ನ ಹೊದಿಕೆಯ ಮೇಲಿಟ್ಟರು.

"ನನ್ನ ಸೀರಿ ಕಂಡಕೂಡಲೇ ಓಡಿದಿ, ಒದಿಸ್ಕೊಂಡಿ. ಛಲೋ ಮಾಡಿದಿ. ಒಂದು ಕೇಳತೇನಿ, ಖರೇ ಹೇಳು. ಆ ತಂತಿ ಹಿಡದಾವ ಅವ ಆಗಿದ್ದರ, ಓಡತಿದ್ದೇನು?"

ಅಕ್ಕೋರು ಕಾದರು, ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದ ಹಾಗೆ ಪೂರ್ತಿ ಕಾದರು. ಆಮೇಲೆ ಎದ್ದು ಹೋದರು. ಮತ್ತೆ ಎಂಟು ವರ್ಷ ಎದುರು ಮನೆಯಲ್ಲೇ ಬದುಕಿದರು, ದಿನಾ ಮಾತಾಡಿಸಿದರು, ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿಲ್ಲ.

ಉತ್ತರ ನನಗೆ ಅವತ್ತೇ ಗೊತ್ತಿತ್ತು. ಆ ಸಂಜೆ ಆಟ ಶುರುವಾದಾಗಿನಿಂದ ನಾನು ಟೀವಿಯನ್ನು ಸರಿಯಾಗಿ ನೋಡಿರಲೇ ಇಲ್ಲ. ಎಡಗಿವಿಯನ್ನು ಗಟಾರದ ಕಡೆ ಕೊಟ್ಟು ಕೂತಿದ್ದೆ. ಅವನು ಚೀರುವುದನ್ನು ಕೇಳಬೇಕಿತ್ತು ನನಗೆ.