ಬೂದನ ನಮಸ್ಕಾರ

ಬೇತಮಂಗಲದ ಕಡೆಯ ಊರೊಂದರಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮುನಿಶಾಮಮ್ಮನಿಗೆ ಬಾಯಿ ಸುಮ್ಮನಿರದು. ಕರೆಯುವಾಗ ಹಸುವಿನ ಜೊತೆ ಮಾತು, ದಾರಿಯಲ್ಲಿ ನಾಯಿ ಬೂದನ ಜೊತೆ ಮಾತು.

"ನಂಗಿಂತ ಆ ನಾಯಿಗೇ ಮನೆ ಇಚಾರ ಜಾಸ್ತಿ ಗೊತ್ತು" ಎನ್ನುತ್ತಾನೆ ಗಂಡ ಶ್ರೀನಿವಾಸಪ್ಪ.

"ಅದು ಅರ್ಧಕ್ಕೇ ಎದ್ದೋಗಲ್ವಲ್ಲ, ಅದ್ಕೆ."

ಅದು ಶ್ರಾವಣದ ಮೊದಲ ಶನಿವಾರ. ಗೋವಿಂದ ಗೋವಿಂದ ಎಂದು ಮನೆಮನೆ ತಿರುಗಿ ತಂದ ಅಕ್ಕಿ ಪೊಂಗಲಾಗಿತ್ತು, ಜೊತೆಗೆ ವಡೆ. ಬೂದನೂ ಹೊಟ್ಟೆ ಬಿರಿಯ ತಿಂದ. ಸಂಜೆ ದೀಪ ಹಚ್ಚಿದಾಗ ವೆಂಕಟರಮಣನ ಪಟದ ಮುಂದೆ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೊತ್ತಿ, ಹಿಂಭಾಗ ಮೇಲೆತ್ತಿ ಬಗ್ಗಿಬಿಟ್ಟ.

ಪಕ್ಕದ ಮನೆಯ ಅನಸೂಯಮ್ಮ ಕೆನ್ನೆ ಬಡಿದುಕೊಂಡಳು. "ಲೇ, ನಿನ್ ನಾಯಿ ಅಡ್ಡಬೀಳ್ತದೆ ನೋಡೇ. ಯಾವ್ ಜನ್ಮದ ದಾಸಯ್ಯನೋ."

ಮುನಿಶಾಮಮ್ಮ ಉಬ್ಬಿಹೋದಳು. ಬೂದನ ಹಣೆಗೆ ನಾಮ ಬಿತ್ತು. ಮಾರನೆಯ ದಿನವೂ ಅವನು ಬಗ್ಗಿದ. ನೋಡಲು ಬಂದವರು ಬರಿಗೈಯಲ್ಲಿ ಬರಲಿಲ್ಲ. ತುಪ್ಪ ಸುರಿದ ಪೊಂಗಲ್ ತಂದರು. ತಿಂದಷ್ಟೂ ಭಕ್ತಿ ಹೆಚ್ಚಿತು.

ಸೋಮವಾರ ಬೆಳಗ್ಗೆ ಹಾಲು ಕರೆಯುತ್ತ, "ಏನಪ್ಪಾ ದಾಸಯ್ಯ" ಎಂದು ಅವಳು ಮಾತು ತೆಗೆದರೆ ಬೂದ ಕಿವಿಯನ್ನೂ ಆಡಿಸಲಿಲ್ಲ. ಬಾಯಲ್ಲಿ ಏನೂ ಇಲ್ಲದೆ ತುಟಿ ನೆಕ್ಕುತ್ತಿದ್ದ, ಗುಟುಕು ಗುಟುಕಾಗಿ ನುಂಗುತ್ತಿದ್ದ. ಗರಿಕೆ ಕಿತ್ತು ತಿಂದು ನೊರೆ ಕಕ್ಕಿದ. ಮುದ್ದೆಯನ್ನು ಮೂಸಿ ಬಿಟ್ಟ. ಆಮೇಲೆ ಮತ್ತೆ ಮುಂಗಾಲು ಚಾಚಿ ಬಗ್ಗಿದ. ಎದುರಿಗಿದ್ದದ್ದು ಸಗಣಿ ಗುಡ್ಡೆ.

ಮುನಿಶಾಮಮ್ಮ ಚೆಂಬು ಕೆಳಗಿಟ್ಟು ಅವನ ಹೊಟ್ಟೆಗೆ ಕೈ ಹಾಕಿದಳು. ಬಿಗಿದುಕೊಂಡಿತ್ತು, ಒಳಗೆ ಗುಡುಗುಡು. ಬೂದ ಕುಂಯ್ ಎಂದ.

"ಅನಸೂಯಾ, ಇದು ಭಕ್ತಿ ಅಲ್ಲ ಕಣೇ. ಒಟ್ಟೆನೋವು" ಎಂದು ಪಕ್ಕದ ಮನೆಗೆ ಕೇಳುವಂತೆ ಕೂಗಿದಳು.

ಶ್ರೀನಿವಾಸಪ್ಪ ಗಾಡಿ ತೆಗೆದ. ನಾಯಿಯನ್ನು ಮಡಿಲಲ್ಲಿ ಅವಚಿಕೊಂಡು ಹಿಂದೆ ಕೂತವಳು ಪಶು ಆಸ್ಪತ್ರೆ ಸೇರುವ ತನಕ ಒಂದು ಮಾತೂ ಆಡಲಿಲ್ಲ. ಅದಕ್ಕೇ ಅವನಿಗೆ ದಿಗಿಲಾಯಿತು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಹಣೆಯನ್ನೂ ನೋಡಿದರು. "ನಾಮ ಯಾರಮ್ಮ ಇಟ್ಟೋರು?"

"ನಾನೇ ತಾಯಿ. ಅದು ನೋವಿಗೆ ಬಗ್ಗಿದ್ರೆ ನಾನು ನಮಸ್ಕಾರ ಅಂದ್ಕೊಂಡೆ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಹೊಟ್ಟೆ ಹಿಡ್ಕೊಳ್ಳೋಕೆ ಅದಕ್ಕೆ ಕೈ ಎಲ್ಲಿದೆ ಹೇಳಿ? ನಮ್ಮನೆ ನಾಯಿ ಹಿಂಗೆ ಬಗ್ಗಿದಾಗ ನಾನೂ ಆಟಕ್ಕೆ ಕರೀತದೆ ಅಂದ್ಕೊಂಡು ಚೆಂಡು ಎಸೆದಿದ್ದೆ. ಸಕಾಲಕ್ಕೆ ತಂದಿದ್ದೀರಿ. ತುಪ್ಪ, ಎಣ್ಣೆ ಮುಟ್ಟಿಸಬೇಡಿ."

ಸೂಜಿ ಚುಚ್ಚಿಸಿಕೊಂಡು ಬಂದ ಬೂದ, ಮೆತ್ತಗೆ ಬೇಯಿಸಿದ ಬರಿ ಅನ್ನವನ್ನು ಸ್ವಲ್ಪ ಸ್ವಲ್ಪವೇ ತಿಂದು ಗೆಲುವಾದ.

ಮುಂದಿನ ಶನಿವಾರ ಅನಸೂಯಮ್ಮ ಬಂದಾಗ ಅವನು ವೆಂಕಟರಮಣನಿಗೆ ಬೆನ್ನು ಹಾಕಿ, ನಾಲ್ಕೂ ಕಾಲು ಚೆಲ್ಲಿ ಗೊರಕೆ ಹೊಡೆಯುತ್ತಿದ್ದ.

"ಅಯ್ಯೋ, ಭಕ್ತಿಯೆಲ್ಲಾ ಎಲ್ಲೋಯ್ತೇ?"

"ಮೆತ್ತಗೆ ಮಾತಾಡೇ, ಎದ್ಬಿಡ್ತಾನೆ" ಎಂದಳು ಮುನಿಶಾಮಮ್ಮ. ಆಮೇಲೆ ನಾಯಿಯನ್ನು ದಾಟಿ ಹೋಗಿ, ಅವನ ಪಾಲಿನದನ್ನೂ ಸೇರಿಸಿ ತಾನೇ ಅಡ್ಡಬಿದ್ದಳು.