ಜಾಣಗಿವುಡಿನ ಹೊಸ ಆವೃತ್ತಿ

ಮೂವತ್ತೊಂದು ವರ್ಷ ಅಚ್ಚುಯಂತ್ರದ ಪಕ್ಕದಲ್ಲಿ ಕೂತು ಕರಡು ತಿದ್ದಿದ್ದಕ್ಕೆ ಅವರಿಗೆ ದಕ್ಕಿದ್ದು ಎರಡು: ಕರಡಯ್ಯ ಎಂಬ ಅಡ್ಡಹೆಸರು ಮತ್ತು ಕಿವುಡು. ಕೆಲಸದಿಂದ ನಿವೃತ್ತರಾದ ಮೇಲೆ ಮಗ ಎರಡೂ ಕಿವಿಗೆ ಶ್ರವಣಯಂತ್ರ ಹಾಕಿಸಿದ. ಅದರ ಲಗಾಮು ಫೋನಿನಲ್ಲಿತ್ತು. ಒಂದು ಆ್ಯಪ್ ತೆರೆದರೆ ‘ಮನೆ’, ‘ಬೀದಿ’, ‘ಟಿವಿ’ ಎಂದು ಮೂರು ಗುಂಡಿಗಳು. ಇವು ಮನೆಮಂದಿಗೆಲ್ಲ ಗೊತ್ತಿದ್ದವು. ನಾಲ್ಕನೆಯದು ‘ಶಾಂತಿ’. ಅದು ಗೊತ್ತಿದ್ದದ್ದು ಕರಡಯ್ಯನವರಿಗೆ ಮತ್ತು ಕಿವಿ ಕ್ಲಿನಿಕ್ಕಿನ ಒಬ್ಬಾಕೆಗೆ ಮಾತ್ರ.

“ಮಿಕ್ಸಿ ಸದ್ದು ತಡ್ಕೊಳ್ಳಕ್ಕಾಗಲ್ಲಮ್ಮ” ಎಂದು ಮೂರು ಸಲ ಹೋಗಿ ಗೋಗರೆದು ಮಾಡಿಸಿಕೊಂಡದ್ದು ಅದು. ಮಿಕ್ಸಿಯೂ ಹೆಂಡತಿಯ ದನಿಯೂ ಒಂದೇ ಎತ್ತರದಲ್ಲಿರುವುದು ತೀರಾ ಆಕಸ್ಮಿಕ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಗುಂಡಿ ಒತ್ತಿದರೆ ಎರಡೂ ಪಕ್ಕದ ಬೀದಿಗೆ ಹೋಗಿಬಿಡುತ್ತಿದ್ದವು.

ಹೀಗೆ ಸಂಸಾರ ಸುಖವಾಗಿ ಸಾಗುತ್ತಿರುವಾಗ ಫೋನಿಗೆ ಏನು ಕೇಡುಗಾಲವೋ, ಹೊಸ ಸಿಸ್ಟಮ್ ಹಾಕಿಕೊಳ್ಳಿ ಎಂದು ಬೆನ್ನು ಹತ್ತಿತು. ತಿಂಗಳ ಕೊನೆಯೊಳಗೆ ಹಾಕಿಕೊಳ್ಳದಿದ್ದರೆ ಕಿವಿಯ ಆ್ಯಪ್ ನಿಲ್ಲುತ್ತದಂತೆ. ಹಾಕಿಕೊಂಡರೆ ‘ಕೆಲವು ಹೊಂದಿಕೆಗಳು ಅಳಿಸಿಹೋಗಬಹುದು’. ಆ ‘ಕೆಲವು’ ಯಾವುದೆಂದು ಹೇಳುವ ಸೌಜನ್ಯ ಫೋನಿಗಿರಲಿಲ್ಲ. ಶಾಂತಿ ಅಳಿಸಿಹೋದರೆ ಮತ್ತೆ ಮಾಡಿಸುವ ಹಾಗೂ ಇರಲಿಲ್ಲ. ಕ್ಲಿನಿಕ್ಕಿನ ಆ ಪುಣ್ಯಾತ್ಗಿತ್ತಿ ಕೆಲಸ ಬಿಟ್ಟಿದ್ದಳು, ಆ ಜಾಗಕ್ಕೆ ಬಂದು ಕೂತಿದ್ದವಳು ಹೆಂಡತಿಯ ಜೀವದ ಗೆಳತಿಯ ಮಗಳು.

ಸೊಸೆ ಆರು ತಿಂಗಳ ಮಗುವನ್ನು ಸೊಂಟದ ಮೇಲೆ ಏರಿಸಿಕೊಂಡು ಬಂದು ಧೈರ್ಯ ಹೇಳಿದಳು. “ಮಾವ, ಬೇಡ ಅನ್ಸುತ್ತೆ. ನನ್ ಫೋನಿಗೆ ಹಾಕಿದಾಗ ಪಾಪು ಫೋಟೋ ಎಲ್ಲಾ ಹಿಂದುಮುಂದಾಗಿ ಎರಡು ದಿನ ನಿದ್ದೆ ಬರಲಿಲ್ಲ. ಹಾಗಂತ ಹಾಕದೇ ಇದ್ರೂ ಭಯಾನೇ. ಇದ್ದಕ್ಕಿದ್ದಂಗೆ ನಿಂತೋದ್ರೆ, ನೀವು ರಸ್ತೆ ದಾಟ್ತಿರೋವಾಗ?”

“ಹಾಕ್ಕೊಳ್ರೀ ಸುಮ್ನೆ,” ಎಂದಳು ಹೆಂಡತಿ. “ಈಗ್ಲೇ ಒಂದು ಮಾತು ನಾಕು ಸಲ ಹೇಳ್ಬೇಕು. ಪೂರ್ತಿ ನಿಂತೋದ್ರೆ ನಾನು ಗೋಡೆ ಹತ್ರ ಮಾತಾಡ್ತೀನಿ. ಅದಾದ್ರೂ ಎದ್ದು ಹೋಗಲ್ಲ.”

“ಷರತ್ತು ಓದ್ದೆ ಒಪ್ಪಿಗೆ ಒತ್ತೋ ಪೈಕಿ ಅಲ್ಲ ನಾನು,” ಎಂದರು ಕರಡಯ್ಯ, ಗಂಭೀರವಾಗಿ.

ಷರತ್ತು ನಲವತ್ತಮೂರು ಪುಟವಿತ್ತು. ಎಲ್ಲವನ್ನೂ ಅಚ್ಚು ಹಾಕಿಸಿ ತಂದು, ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು, ಕಿಟಕಿ ಪಕ್ಕದ ಮೇಜಿಗೆ ಕೂತರು. ಯಾರೋ ನಿದ್ದೆಗಣ್ಣಿನಲ್ಲಿ ಬರೆದಂಥ ಕನ್ನಡ. ಒಂಬತ್ತು ದಿನ ಊಟಕ್ಕೆ ಕರೆದರೂ ಏಳಲಿಲ್ಲ. ಕರೆದದ್ದು ಕೇಳಿಸಿದ್ದರೆ ತಾನೆ. ಇನ್ನೂರ ಹನ್ನೆರಡು ತಪ್ಪು ಸಿಕ್ಕವು. ಇಪ್ಪತ್ತೇಳನೆಯ ಪುಟದ ಒಂದು ವಾಕ್ಯವಂತೂ ಸೊಂಟ ಮುರಿದುಕೊಂಡು ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ನಿಂತ ಮೇಲೆ ಎಷ್ಟು ಚೆಂದ ಕಂಡಿತೆಂದರೆ, ಅಂಚಿನಲ್ಲಿ ‘ಸರಿ’ ಎಂದು ಬರೆದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ತಿಂಗಳಿಗೆ ಇನ್ನೆರಡೇ ದಿನ ಉಳಿದಾಗ ‘ಒಪ್ಪಿದ್ದೇನೆ’ ಒತ್ತಿದರು. ಫೋನು ಕಪ್ಪಾಯಿತು, ಕಿವಿ ಕೆಪ್ಪಾಯಿತು. ನಲವತ್ತು ನಿಮಿಷ ಒಂದು ಬಿಳಿಗೆರೆ ಆಮೆಯಂತೆ ತೆವಳಿತು. ಸೊಸೆ ಗಂಡನಿಗೆ ಫೋನು ಮಾಡುವುದೋ ಆಸ್ಪತ್ರೆಗೋ ಎಂದು ಅತ್ತಿಂದಿತ್ತ ಓಡಾಡಿದಳು. ಕೊನೆಗೆ ತೆರೆ ಬೆಳಗಿತು. ಮನೆ, ಬೀದಿ, ಟಿವಿ. ಕರಡಯ್ಯ ತೆರೆಯನ್ನು ಮೇಲಕ್ಕೆ ಸರಿಸಿದರು. ಶಾಂತಿ. ನಾಲ್ಕೂ ಇದ್ದವು. ಕಳೆದುಹೋದ ಮಗು ಸಿಕ್ಕಂತೆ ಅದನ್ನೇ ಮೊದಲು ಒತ್ತಿದರು.

ಸರಿಯಾಗಿ ಒಂದು ವಾರದ ನಂತರ, ಪತ್ರಿಕೆಯಿಂದ ತಲೆಯೆತ್ತಿದಾಗ ಸೊಸೆ ತನ್ನ ಫೋನನ್ನು ಅತ್ತೆಗೆ ತೋರಿಸುತ್ತಿದ್ದಳು. ತುರ್ತಿಗೆ ಇರಲಿ ಎಂದು ಮಗ ಕಿವಿಯ ಆ್ಯಪಿನಲ್ಲಿ ‘ಮನೆಯವರು’ ಎಂಬಲ್ಲಿ ಸೊಸೆಯ ನಂಬರ್ ಕೊಟ್ಟಿದ್ದ. ಇಬ್ಬರ ಬಾಯಿಯೂ ಆಡುತ್ತಿತ್ತು, ಸದ್ದಿಲ್ಲ. ಹೆಂಡತಿ ಕೈ ಒರೆಸಿಕೊಂಡು ಬಂದು ಫೋನನ್ನು ಅವರ ಮೂಗಿನೆದುರು ಹಿಡಿದಳು.

‘ಈ ವಾರದ ವರದಿ. ಟಿವಿ: ಆರು ಗಂಟೆ. ಬೀದಿ: ನಾಲ್ಕು ಗಂಟೆ. ಮನೆ: ಹನ್ನೆರಡು ನಿಮಿಷ. ಶಾಂತಿ: ಎಂಬತ್ತೆರಡು ಗಂಟೆ. ಶಾಂತಿಯಲ್ಲಿ ಎತ್ತರದ ದನಿಗಳು ಕೇಳಿಸುವುದಿಲ್ಲ.’

“ಇದೇನಿದು, ನನ್ನ ಕೇಳ್ದೆ ಹೇಗೆ ಕಳಿಸ್ತಾರೆ? ಮೋಸ ಇದು,” ಎಂದರು ಕರಡಯ್ಯ.

ಸೊಸೆ ಮೇಜಿನ ಮೇಲಿದ್ದ ಷರತ್ತಿನ ಕಟ್ಟಿನಿಂದ ಇಪ್ಪತ್ತೇಳನೆಯ ಪುಟ ತೆಗೆದು ಮುಂದಿಟ್ಟಳು. ಭಯಕ್ಕೆ ಎಲ್ಲವನ್ನೂ ಎರಡೆರಡು ಸಲ ಓದುವವಳು ಅವಳು. ‘ಬಳಕೆದಾರರು ಯಾವ ಹೊಂದಿಕೆಯನ್ನು ಎಷ್ಟು ಹೊತ್ತು ಬಳಸಿದರೆಂಬ ವರದಿಯನ್ನು ವಾರಕ್ಕೊಮ್ಮೆ ಮನೆಯವರಿಗೆ ಕಳುಹಿಸಲಾಗುವುದು.’ ಕ್ರಿಯಾಪದ ತನ್ನ ಜಾಗದಲ್ಲಿತ್ತು. ಪಕ್ಕದಲ್ಲಿ ಅವರದೇ ಕೆಂಪು ‘ಸರಿ’.

ಹೆಂಡತಿ ಪೆನ್ಸಿಲ್ ಎತ್ತಿಕೊಂಡು ಕೆಳಗೆ ಬರೆದಳು: ‘ಇನ್ನು ಹೇಳುವುದೆಲ್ಲ ಬರೆದೇ ಕೊಡುತ್ತೇನೆ. ತಿದ್ದಿಕೊಂಡು ಕೂತಿರಿ.’

ಕರಡಯ್ಯ ಅಭ್ಯಾಸಬಲದಿಂದ ಕಣ್ಣಾಡಿಸಿದರು. ಒಂದೂ ತಪ್ಪಿರಲಿಲ್ಲ. ಆಮೇಲೆ, ಮೂವತ್ತೊಂದು ವರ್ಷದಲ್ಲಿ ಯಾವ ಸಾಲಿಗೂ ಮಾಡದ ಉಪಕಾರವನ್ನು ಈ ಸಾಲಿಗೆ ಮಾಡಿದರು. ಏನು ಬರೆದಿದೆ ಎಂದು ಓದಿದರು.

ಬೆರಳು ತಾನಾಗಿ ‘ಮನೆ’ ಒತ್ತಿತು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಮಗು ಚಿಲಿಪಿಲಿ ಎನ್ನುತ್ತಿತ್ತು. ಅದಕ್ಕೆ ಇಷ್ಟು ಎತ್ತರದ ದನಿಯಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬೇಕಾಗಿದ್ದ ದನಿಯೊಂದನ್ನು ಬಿಟ್ಟು ಎಲ್ಲವೂ ಸ್ಪಷ್ಟವಾಗಿತ್ತು.

“ಏನಾದ್ರೂ ಹೇಳೇ,” ಎಂದರು.

ಹೆಂಡತಿ ಎದುರಿಗೆ ಕೂತು ಪೆನ್ಸಿಲ್ ಚೂಪು ಮಾಡತೊಡಗಿದಳು. ಆ ಕರಕರ ಸದ್ದು ಚೆನ್ನಾಗಿಯೇ ಕೇಳಿಸುತ್ತಿತ್ತು.